ಜಾಡಿಯ ತಳ ಕಳಚಿ ಬಿತ್ತು, ಇನ್ನೊಂದರ ಮುಚ್ಚಳ ಟಿಕ್ ಟಿಕ್ ಅನ್ನುತ್ತಿದೆ. ಯಾವ ಜಾಡಿ ತಗೊಳ್ಳಲಿ?

ಮೊದಲಬ್ಯಾಚ್

ಎಲ್ಲರಿಗೂ ನಮಸ್ಕಾರ. ಮೊದಲ ಸಲ ಟೊಮೆಟೊ ಜಜ್ಜಿ, ಕುದಿಸಿ, ಗಾಜಿನ ಜಾಡಿಗೆ ತುಂಬಿಸಿಟ್ಟೆ. ಅರ್ಧ ಲೀಟರಿನ ಆರು ಜಾಡಿ. ದೊಡ್ಡ ಪಾತ್ರೆಯಲ್ಲಿ ನೀರು ಮರಳುತ್ತಿತ್ತು. ಅದರೊಳಗೆ ಒಂದೊಂದಾಗಿ ಇಳಿಸಿದೆ. ಮೂರನೆಯದು ಇಳಿಸಿದ ಕೂಡಲೇ ‘ಟಪ್’ ಅಂತು. ಎತ್ತಿದರೆ ಮೇಲಿನ ಭಾಗ ಮಾತ್ರ ಕೈಗೆ ಬಂತು. ತಳ ಚಾಕುವಿನಲ್ಲಿ ಕೊಯ್ದ ಹಾಗೆ ದುಂಡಗೆ ಕಳಚಿ ಪಾತ್ರೆಯಲ್ಲೇ ಕೂತಿತ್ತು. ನೀರೆಲ್ಲ ಕೆಂಪು.

ಉಳಿದ ಐದನ್ನು ಕಪಾಟಿನಲ್ಲಿಟ್ಟು ಮೂರು ವಾರವಾಯಿತು. ನಿನ್ನೆ ನೋಡಿದರೆ ಒಂದರ ಮುಚ್ಚಳ ಒತ್ತಿದರೆ ಟಿಕ್ ಅಂತ ಒಳಗೆ ಹೋಗುತ್ತದೆ, ಬಿಟ್ಟರೆ ಮೇಲೆ ಬರುತ್ತದೆ. ಜಾಡಿಗಳು ತೀರಾ ಅಗ್ಗದವು. ಅದಕ್ಕೇ ಹೀಗಾಯಿತಾ? ಒಳ್ಳೆಯ ಜಾಡಿ ಯಾವುದು ಅಂತ ಹೇಳಿ, ಈ ಸಲ ದುಡ್ಡು ಜಾಸ್ತಿಯಾದರೂ ಪರವಾಗಿಲ್ಲ.

ಗಾಜಿನಗೋಲಿ

ತಳ ಅಷ್ಟು ದುಂಡಗೆ ಕಳಚಿದೆ ಅಂದರೆ ಅದು ಬಿಸಿ-ತಣ್ಣನೆಯ ಜಗಳ. ಗಾಜು ಬಿಸಿಯಾದರೆ ಹಿಗ್ಗುತ್ತದೆ, ಆದರೆ ಶಾಖ ಅದರೊಳಗೆ ನಿಧಾನಕ್ಕೆ ಹರಿಯುತ್ತದೆ. ಹೊರಮೈ ಹಿಗ್ಗಿರುತ್ತದೆ, ಒಳಮೈ ಇನ್ನೂ ತಣ್ಣಗೆ ಹಾಗೇ ಇರುತ್ತದೆ. ಆ ಎಳೆದಾಟ ತಡೆಯದೆ ಬಿರುಕು ಬಿಡುತ್ತದೆ. ಬುಡ ದಪ್ಪ, ಗೋಡೆ ತೆಳು. ಎರಡೂ ಸೇರುವ ಕಡೆಯೇ ಮೊದಲು ಸೋಲುತ್ತದೆ.

ಜಾಡಿ ಕಪಾಟಿನಿಂದ ತಣ್ಣಗೆ ತೆಗೆದಿರಾ? ತುಂಬಿಸಿದ ಮೇಲೆ ಸ್ವಲ್ಪ ಹೊತ್ತು ಹಾಗೇ ಬಿಟ್ಟಿದ್ದಿರಾ? ಪಾತ್ರೆಯ ತಳಕ್ಕೆ ಜಾಲರಿ ಏನಾದರೂ ಇತ್ತಾ?

ಮೊದಲಬ್ಯಾಚ್

ಜಾಡಿ ತೊಳೆದು ಕಲ್ಲಿನ ಕಟ್ಟೆ ಮೇಲೆ ಇಟ್ಟಿದ್ದೆ, ತಣ್ಣಗೇ ಇತ್ತು. ಆರನ್ನೂ ತುಂಬಿಸಿ ಮುಚ್ಚಿದ ಹೊತ್ತಿಗೆ ಫೋನ್ ಬಂತು. ಮಾತು ಮುಗಿಸಿ ಬಂದು ಇಳಿಸಿದೆ. ಜಾಲರಿ ಇಲ್ಲ, ನೇರ ಪಾತ್ರೆಯ ತಳದ ಮೇಲೆ.

ಗಾಜಿನಗೋಲಿ

ಹಾಗಾದರೆ ಆರರಲ್ಲಿ ಐದು ಉಳಿದದ್ದೇ ಪುಣ್ಯ 🙂

ಜಾಡಿಯನ್ನು ಬಿಸಿನೀರಿನಲ್ಲಿ ಮುಳುಗಿಸಿಡಿ. ಒಂದನ್ನು ತೆಗೆಯಿರಿ, ತುಂಬಿಸಿ, ಮುಚ್ಚಿ, ವಾಪಸ್ ಇಳಿಸಿ. ಆಮೇಲೆ ಮುಂದಿನದು. ಪಾತ್ರೆಯ ನೀರು ಬಿಸಿ ಇರಲಿ, ಆದರೆ ಇಳಿಸುವಾಗ ಮರಳುತ್ತಿರಬೇಕಾಗಿಲ್ಲ. ಎಲ್ಲ ಇಳಿಸಿದ ಮೇಲೆ ಕುದಿಯಲು ಬಿಡಿ, ಕುದಿ ಬಂದ ಮೇಲೆ ಸಮಯ ಎಣಿಸಿ. ತಳಕ್ಕೆ ಜಾಲರಿ ಬೇಕೇ ಬೇಕು. ಇಲ್ಲದಿದ್ದರೆ ಮಡಚಿದ ಬಟ್ಟೆಯಾದರೂ ಹಾಕಿ. ಹೊರಗೆ ತೆಗೆದಾಗ ಕಲ್ಲಿನ ಕಟ್ಟೆ ಮೇಲೆ ಇಡಬೇಡಿ, ದಪ್ಪ ಟವೆಲ್ ಹಾಸಿ. ಕಿಟಕಿಯ ಗಾಳಿ ನೇರ ಬೀಸದ ಜಾಗ ಇರಲಿ.

ಓವನ್‌ಗೆ ಇಡುವ ಬೋರೊಸಿಲಿಕೇಟ್ ಗಾಜು ಬೇರೆ. ಸಾಮಾನ್ಯ ಸೋಡಾ-ಸುಣ್ಣದ ಗಾಜು ಹಿಗ್ಗುವುದರ ಸುಮಾರು ಮೂರರಲ್ಲೊಂದು ಪಾಲು ಮಾತ್ರ ಅದು ಹಿಗ್ಗುತ್ತದೆ. ಆಹಾರ ಕಾಪಿಡುವ ಜಾಡಿಗಳು ಬಹುತೇಕ ಸೋಡಾ-ಸುಣ್ಣದ ಗಾಜಿನವೇ, ದುಬಾರಿಯವೂ ಸಹ. ಆದ್ದರಿಂದ ದುಡ್ಡು ಜಾಸ್ತಿ ಕೊಟ್ಟರೆ ಒಡೆಯುವುದಿಲ್ಲ ಅನ್ನುವ ಭರವಸೆ ಬೇಡ.

ಹಳೇಮುಚ್ಚಳ

ಒಡೆದ ಜಾಡಿ ಬಿಡಿ. ನನಗೆ ಒಡೆಯದ ಐದರದೇ ಚಿಂತೆ. ಟೊಮೆಟೊಗೆ ನಿಂಬೆರಸ ಅಥವಾ ಸಿಟ್ರಿಕ್ ಆಸಿಡ್ ಹಾಕಿದ್ದಿರಾ? ಎಷ್ಟು ಹೊತ್ತು ಕುದಿಸಿದಿರಿ? ನೀರು ಮುಚ್ಚಳದ ಮೇಲೆ ನಿಂತಿತ್ತಾ, ಅಥವಾ ಕುತ್ತಿಗೆವರೆಗೆ ಮಾತ್ರವಾ?

ಮೊದಲಬ್ಯಾಚ್

ನಿಂಬೆರಸ ಹಾಕಿಲ್ಲ. ಟೊಮೆಟೊ ಹುಳಿಯೇ ಅಲ್ವಾ? 15 ನಿಮಿಷ ಕುದಿಸಿದೆ. ನೀರು ಕುತ್ತಿಗೆವರೆಗೆ.

ಹಳೇಮುಚ್ಚಳ

ಐದನ್ನೂ ಎಸೆಯಿರಿ. ಟಿಕ್ ಅನ್ನುವುದನ್ನು ಮಾತ್ರ ಅಲ್ಲ, ಐದನ್ನೂ. ತೆರೆಯಬೇಡಿ, ಮೂಸಬೇಡಿ, ಬೆರಳಲ್ಲಿ ಮುಟ್ಟಿ ರುಚಿ ನೋಡುವುದಂತೂ ಬೇಡವೇ ಬೇಡ. ಮುಚ್ಚಿದ ಹಾಗೆಯೇ ದಪ್ಪ ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ. ನಾಯಿ ಬೆಕ್ಕಿಗೂ ಸಿಗಬಾರದು.

ಹೊಟ್ಟೆ ಉರಿಯುತ್ತದೆ, ಗೊತ್ತು. ನಾನೂ ಒಂದು ಬೇಸಿಗೆಯಲ್ಲಿ ಹನ್ನೊಂದು ಜಾಡಿ ಹೀಗೇ ಎಸೆದವಳು.

ಸುಮ್ನೆಬಂದೆ

ಸ್ವಲ್ಪ ಜಾಸ್ತಿ ಆಯಿತು ಅನ್ನಿಸುತ್ತಿಲ್ವಾ? ನಾವು ವರ್ಷಗಟ್ಟಲೆ ಬಿಸಿ ಬಿಸಿ ತುಂಬಿಸಿ, ಜಾಡಿ ತಲೆಕೆಳಗೆ ಮಾಡಿ ಇಡುತ್ತೇವೆ. ಮುಚ್ಚಳ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಇವತ್ತಿನವರೆಗೆ ಯಾರಿಗೂ ಏನೂ ಆಗಿಲ್ಲ. ಕೆಟ್ಟರೆ ವಾಸನೆಯಲ್ಲೇ ತಿಳಿಯುತ್ತದೆ.

ಲ್ಯಾಬ್‌ಕೋಟು

ವಾಸನೆಯಲ್ಲಿ ತಿಳಿಯದ ಒಂದು ಇದೆ ಅನ್ನುವುದೇ ತೊಂದರೆ. ಕ್ಲಾಸ್ಟ್ರಿಡಿಯಂ ಬಾಟುಲಿನಮ್ ಅನ್ನುವ ಬ್ಯಾಕ್ಟೀರಿಯಾ. ಮಣ್ಣಿನಲ್ಲಿ ಎಲ್ಲ ಕಡೆ ಇರುತ್ತದೆ, ತರಕಾರಿಯ ಮೇಲೂ ಬರುತ್ತದೆ. ಹಾಗೇ ತಿಂದರೆ ದೊಡ್ಡವರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಯಾಕೆಂದರೆ ಅದು ಬೀಜಕಣದ ರೂಪದಲ್ಲಿ ನಿದ್ದೆ ಮಾಡುತ್ತಿರುತ್ತದೆ. ಅದು ಎದ್ದು ಬೆಳೆಯಲು ಬೇಕಾದದ್ದು ಏನು ಗೊತ್ತಾ? ಗಾಳಿ ಇಲ್ಲದ ಜಾಗ, ತೇವ, ಹುಳಿ ಕಡಿಮೆ ಇರುವ ಆಹಾರ, ಕೋಣೆಯ ಬಿಸುಪು. ಗಟ್ಟಿಯಾಗಿ ಮುಚ್ಚಿದ ಜಾಡಿ ಅಂದರೆ ಅದಕ್ಕೆ ಹೇಳಿ ಮಾಡಿಸಿದ ಮನೆ. ಮುಚ್ಚಳ ಚೆನ್ನಾಗಿ ಕಚ್ಚಿದಷ್ಟೂ ಅದಕ್ಕೆ ಅನುಕೂಲ.

ಕುದಿಯುವ ನೀರು 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಆ ಬಿಸಿಗೆ ಬೀಜಕಣ ಸಾಯುವುದಿಲ್ಲ. ಜೊತೆಗಿದ್ದ ಬೇರೆ ಜೀವಿಗಳು ಸಾಯುತ್ತವೆ, ಇದಕ್ಕೆ ಪೈಪೋಟಿಯೇ ಇಲ್ಲದ ಹಾಗಾಗುತ್ತದೆ. ಬೀಜಕಣ ಸಾಯಲು 116ರಿಂದ 121 ಡಿಗ್ರಿ ಬೇಕು. ಅದು ಒತ್ತಡದ ಹಬೆಯಲ್ಲಿ ಮಾತ್ರ ಸಿಗುತ್ತದೆ.

ಹಾಗಾದರೆ ಜಾಮ್, ಹಣ್ಣಿನ ರಸ ಹೇಗೆ ಉಳಿಯುತ್ತವೆ? ಹುಳಿಯಿಂದ. ಹುಳಿಯನ್ನು ಅಳೆಯುವುದು ಪಿಎಚ್‌ನಲ್ಲಿ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಪಿಎಚ್ 4.6 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಬೀಜಕಣ ಮೊಳೆಯುವುದಿಲ್ಲ. ಬಹುತೇಕ ಹಣ್ಣುಗಳು ಆ ಗೆರೆಯ ಕೆಳಗೇ ಇವೆ. ಬೀನ್ಸ್, ಜೋಳ, ಆಲೂಗಡ್ಡೆ, ಅಣಬೆ, ಮಾಂಸ ಎಲ್ಲವೂ ಮೇಲೆ. ಟೊಮೆಟೊ ಸರಿಯಾಗಿ ಗೆರೆಯ ಮೇಲೇ ಕೂತಿದೆ. ತಳಿ, ಹಣ್ಣಾದ ಹದ ನೋಡಿಕೊಂಡು ಆ ಕಡೆ ಈ ಕಡೆ ವಾಲುತ್ತದೆ. ನಾಲಿಗೆಗೆ ಅದು ಗೊತ್ತಾಗುವುದಿಲ್ಲ, ಸಿಹಿ ಹುಳಿಯನ್ನು ಮುಚ್ಚಿಬಿಡುತ್ತದೆ.

ಈ ಬ್ಯಾಕ್ಟೀರಿಯಾ ಬೆಳೆಯುವಾಗ ಬಿಡುವ ವಿಷ ನರಗಳನ್ನು ಹಿಡಿಯುತ್ತದೆ. ಕಣ್ಣು ಎರಡೆರಡಾಗಿ ಕಾಣುವುದು, ರೆಪ್ಪೆ ಜೋತು ಬೀಳುವುದು, ಮಾತು ತೊದಲುವುದು, ನುಂಗಲು ಕಷ್ಟ. ಸಾಮಾನ್ಯವಾಗಿ ತಿಂದ 18ರಿಂದ 36 ಗಂಟೆಯಲ್ಲಿ ಶುರುವಾಗುತ್ತದೆ. ಕೊನೆಗೆ ಉಸಿರಾಟವೇ ನಿಲ್ಲಬಹುದು. ಇಂಥದ್ದು ಕಂಡರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಬೇಕು, ಮದ್ದು ಇದೆ. ಅಪರೂಪದ ಕಾಯಿಲೆ, ನಿಜ. ‘ಯಾರಿಗೂ ಏನೂ ಆಗಿಲ್ಲ’ ಅನ್ನುವವರು ಇಷ್ಟು ಜನ ಸಿಗುವುದು ಅದಕ್ಕೇ.

ಸುಮ್ನೆಬಂದೆ

ಸರಿ, ಹೆದರಿಸಿಬಿಟ್ಟಿರಿ. ತಲೆಕೆಳಗೆ ಮಾಡುವುದರಲ್ಲಿ ತಪ್ಪೇನು?

ಹಳೇಮುಚ್ಚಳ

ಅದರಲ್ಲಿ ಮುಚ್ಚಳ ಕಚ್ಚುತ್ತದೆ, ಆದರೆ ಅರೆಬರೆ. ಒಳಗೆ ಉಳಿದ ಗಾಳಿ ಹೊರಗೆ ಹೋಗಿರುವುದಿಲ್ಲ. ಕುದಿಯುವ ನೀರಿನಲ್ಲಿ ಮುಳುಗಿಸಿದಾಗ ಒಳಗಿನ ಗಾಳಿ ಹಿಗ್ಗಿ ಮುಚ್ಚಳದ ಸಂದಿಯಿಂದ ಗುಳುಗುಳು ಅಂತ ಹೊರಗೆ ಹೋಗುತ್ತದೆ. ತಣ್ಣಗಾದಾಗ ಒಳಗೆ ಒತ್ತಡ ಕಡಿಮೆಯಾಗಿ, ಹೊರಗಿನ ಗಾಳಿ ಮುಚ್ಚಳವನ್ನು ಒತ್ತಿ ಹಿಡಿಯುತ್ತದೆ. ಮುಚ್ಚಳ ಹಿಡಿದಿರುವುದು ತಿರುಪಿನ ಬಲದಿಂದ ಅಲ್ಲ. ಅದಕ್ಕೇ ತಿರುಪು ಉಂಗುರವನ್ನು ಬೆರಳ ತುದಿಯ ಬಲದಲ್ಲಿ ಮಾತ್ರ ಬಿಗಿ ಮಾಡಬೇಕು. ಮೈಯೆಲ್ಲ ಬಲ ಹಾಕಿ ತಿರುಗಿಸಿದರೆ ಗಾಳಿಗೆ ದಾರಿ ಇಲ್ಲದೆ ಮುಚ್ಚಳ ಸೊಟ್ಟಗಾಗುತ್ತದೆ.

ಮೊದಲಬ್ಯಾಚ್ ಅವರೇ, ಜಜ್ಜಿ ಕುದಿಸಿದ ಟೊಮೆಟೊಗೆ ನಾನು ಮಾಡುವ ಲೆಕ್ಕ ಇದು. ಅರ್ಧ ಲೀಟರ್ ಜಾಡಿಗೆ 1 ದೊಡ್ಡ ಚಮಚ ನಿಂಬೆರಸ, ಅಂದರೆ 15 ಮಿಲಿ. ಒಂದು ಲೀಟರಿನದಕ್ಕೆ 2 ಚಮಚ. ರಸ ಬಾಟಲಿಯಲ್ಲಿ ಬರುವುದೇ ಆಗಬೇಕು. ತಾಜಾ ನಿಂಬೆಯ ಹುಳಿ ಒಂದೊಂದು ಹಣ್ಣಿಗೆ ಒಂದೊಂದು ಥರ, ಬಾಟಲಿಯದು ಒಂದೇ ಅಳತೆ. ಅದು ಬೇಡವಾದರೆ ಅರ್ಧ ಲೀಟರಿಗೆ ಕಾಲು ಟೀ ಚಮಚ ಸಿಟ್ರಿಕ್ ಆಸಿಡ್. ಹುಳಿ ಜಾಸ್ತಿ ಅನ್ನಿಸಿದರೆ ಸಕ್ಕರೆ ಸೇರಿಸಿ, ಹುಳಿ ಕಡಿಮೆ ಮಾಡಬೇಡಿ.

ಮೇಲೆ 12 ಮಿಲಿಮೀಟರ್ ಜಾಗ ಬಿಡಿ. ಒಳಗಿನ ಗುಳ್ಳೆಗಳನ್ನು ಮರದ ಅಥವಾ ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸಿ. ಲೋಹದ ಚಮಚ ಬೇಡ, ಗಾಜು ಗೀರುತ್ತದೆ. ಬಾಯಿಯ ಅಂಚನ್ನು ಒದ್ದೆ ಬಟ್ಟೆಯಿಂದ ಒರೆಸಿ. ಈ ಒರೆಸುವ ಕೆಲಸ ಮರೆತೇ ನನ್ನ ಅರ್ಧ ಜಾಡಿಗಳು ಸೋತಿವೆ. ಒಂದು ಬೀಜ ಅಂಟಿದ್ದರೂ ಸಾಕು, ಮುಚ್ಚಳ ಕಚ್ಚುವುದಿಲ್ಲ. ನೀರು ಮುಚ್ಚಳದಿಂದ 25 ಮಿಲಿಮೀಟರ್ ಮೇಲೆ ನಿಲ್ಲಬೇಕು. ಕುದಿ ಬಂದ ಮೇಲೆ ಅರ್ಧ ಲೀಟರಿಗೆ 35 ನಿಮಿಷ, ಒಂದು ಲೀಟರಿಗೆ 45. ನೀವು ಸಮುದ್ರಮಟ್ಟದಿಂದ 300 ಮೀಟರಿಗಿಂತ ಮೇಲಿದ್ದರೆ ಇನ್ನೂ 5 ನಿಮಿಷ ಸೇರಿಸಿ, 900 ಮೀಟರ್ ದಾಟಿದರೆ ಇನ್ನೂ ಜಾಸ್ತಿ. ಮೇಲೆ ಹೋದಂತೆ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ, ಸುಮಾರು 300 ಮೀಟರಿಗೆ ಒಂದು ಡಿಗ್ರಿ.

ಒಲೆ ಆರಿಸಿ ಐದು ನಿಮಿಷ ಬಿಟ್ಟು ಎತ್ತಿ. ಅವಸರ ಮಾಡಿದರೆ ಒಳಗಿನ ರಸ ಉಕ್ಕಿ ಹೊರಗೆ ಬರುತ್ತದೆ.

ಬೀನ್ಸ್‌ಬಳ್ಳಿ

ಅಕ್ಕಾ, ಬೀನ್ಸ್‌ಗೂ ನಿಂಬೆರಸ ಹಾಕಿ ಜಾಸ್ತಿ ಹೊತ್ತು ಕುದಿಸಿದರೆ ಆಗುತ್ತದಾ? ಮೂರು ಗಂಟೆ ಕುದಿಸಿದರೂ ಸೈ. ಇಲ್ಲಾಂದ್ರೆ ಅಡುಗೆಯ ಕುಕ್ಕರ್‌ನಲ್ಲಿ ನಾಲ್ಕು ಸೀಟಿ?

ಹಳೇಮುಚ್ಚಳ

ಎರಡೂ ಆಗುವುದಿಲ್ಲ ತಾಯಿ. ಮೂರು ಗಂಟೆ ಕುದಿಸಿದರೂ ನೀರು ನೂರೇ. ಅಡುಗೆಯ ಕುಕ್ಕರ್ ಚಿಕ್ಕದು, ಬೇಗ ಕಾಯುತ್ತದೆ, ಬೇಗ ಆರುತ್ತದೆ. ಪರೀಕ್ಷಿಸಿದ ಸಮಯದ ಲೆಕ್ಕಗಳಲ್ಲಿ ಆ ಏರುವ ಇಳಿಯುವ ಹೊತ್ತೂ ಸೇರಿದೆ. ಜಾಡಿಯ ಮಧ್ಯದವರೆಗೆ ಬಿಸಿ ಮುಟ್ಟಿತೋ ಇಲ್ಲವೋ ಸೀಟಿ ಎಣಿಸಿ ಹೇಳಲು ಬರುವುದಿಲ್ಲ. ಜಾಡಿಗಳನ್ನು ಒತ್ತಡದ ಹಬೆಯಲ್ಲಿ ಕಾಯಿಸಲೆಂದೇ ಮಾಡಿದ ದೊಡ್ಡ ಪಾತ್ರೆ, ಪ್ರೆಷರ್ ಕ್ಯಾನರ್, ಇದ್ದರೆ ಸರಿ. ಇಲ್ಲವಾದರೆ ಬೀನ್ಸನ್ನು ಫ್ರೀಜರ್‌ನಲ್ಲಿಡಿ. ಅಥವಾ ವಿನೆಗರಿನಲ್ಲಿ ಹಾಕಿ, ಶೇಕಡಾ 5 ಆಮ್ಲದ ವಿನೆಗರ್, ಪರೀಕ್ಷಿಸಿದ ಅಳತೆಯಲ್ಲಿ. ನೀರು ಬೆರೆಸಿ ತೆಳು ಮಾಡಿಕೊಳ್ಳುವ ಆಸೆ ಬಂದೇ ಬರುತ್ತದೆ, ತಡೆದುಕೊಳ್ಳಿ.

ಲ್ಯಾಬ್‌ಕೋಟು

ಇದರ ಜೊತೆ ಒಂದು: ಎಣ್ಣೆಯಲ್ಲಿ ಹಸಿ ಬೆಳ್ಳುಳ್ಳಿ ಮುಳುಗಿಸಿ ಚೆಂದದ ಬಾಟಲಿಯಲ್ಲಿ ಒಲೆ ಪಕ್ಕ ಇಡುತ್ತಾರಲ್ಲ, ಅದೂ ಇದೇ ಕಥೆ. ಎಣ್ಣೆ ಗಾಳಿಯನ್ನು ತಡೆಯುತ್ತದೆ, ಹುಳಿ ಇಲ್ಲ. ಫ್ರಿಜ್‌ನಲ್ಲಿಟ್ಟು ನಾಲ್ಕು ದಿನದಲ್ಲಿ ಮುಗಿಸಿ.

ಬೆಳ್ಳುಳ್ಳಿ ವಿನೆಗರಿನಲ್ಲಿ ಹಸಿರು-ನೀಲಿ ಆಯಿತು ಅಂತ ಎಸೆಯುವವರೂ ಇದ್ದಾರೆ. ಅದು ಬೆಳ್ಳುಳ್ಳಿಯ ಗಂಧಕದ ಅಂಶ ಹುಳಿಗೆ ತೋರಿಸುವ ಬಣ್ಣ. ಪಾಪ, ಅದಕ್ಕೇನೂ ಆಗಿಲ್ಲ.

ಮೊದಲಬ್ಯಾಚ್

ಐದನ್ನೂ ಕಸಕ್ಕೆ ಹಾಕಿ ಬಂದೆ. ಮನಸ್ಸು ಪಿಚ್ ಅನ್ನಿಸಿತು. ಆದರೆ ನನ್ನ ಪ್ರಶ್ನೆ ಹಾಗೇ ಉಳಿಯಿತು. ಯಾವ ಜಾಡಿ?

ಹಳೇಮುಚ್ಚಳ

ನಿಮ್ಮ ಪ್ರಶ್ನೆ ಜಾಡಿ ಬಗ್ಗೆ, ನನ್ನ ಉತ್ತರ ಮುಚ್ಚಳದ ಬಗ್ಗೆ. ಗಾಜು ಹತ್ತಾರು ವರ್ಷ ಬಾಳುತ್ತದೆ. ಸೋಲುವುದು ಮುಚ್ಚಳ. ಹೊಸ ಮುಚ್ಚಳ, ಹೊಸ ರಬ್ಬರ್ ಸುಲಭವಾಗಿ ಸಿಗುವ ಜಾಡಿ ಯಾವುದೋ ಅದೇ ಒಳ್ಳೆಯ ಜಾಡಿ. ಬಾಯಿಯ ಅಳತೆ ಮೊದಲು ನೋಡಿ. ಕುತ್ತಿಗೆಗೆ ತಿರುಪು ಇರುವ ಅಮೆರಿಕದ ಮೇಸನ್ ಜಾಡಿಗಳಲ್ಲಿ ಎರಡೇ ಅಳತೆ ಸಾಮಾನ್ಯ, ಸುಮಾರು 70 ಮತ್ತು 86 ಮಿಲಿಮೀಟರ್. ನನ್ನ ಹತ್ತಿರ ಚೆಂದ ಕಂಡಿತು ಅಂತ ತಂದ ಎಂಟು ಜಾಡಿ ಇವೆ, ಅವುಗಳ ಮುಚ್ಚಳ ಈಗ ಎಲ್ಲೂ ಸಿಗುವುದಿಲ್ಲ. ಅದರಲ್ಲಿ ಗುಂಡಿ, ಸೂಜಿ ಹಾಕಿಟ್ಟಿದ್ದೇನೆ.

ಎರಡು ತುಂಡಿನ ಮುಚ್ಚಳ, ಅಂದರೆ ಚಪ್ಪಟೆ ಬಿಲ್ಲೆ ಮತ್ತು ತಿರುಪು ಉಂಗುರ, ಕಲಿಯುವವರಿಗೆ ಸುಲಭ. ಬಿಲ್ಲೆ ಒಂದೇ ಸಲಕ್ಕೆ. ಅದರ ಅಂಚಿನ ಮೆತ್ತನೆಯ ಪಟ್ಟಿ ಒಮ್ಮೆ ಅಚ್ಚು ಬಿದ್ದ ಮೇಲೆ ಮತ್ತೆ ಸರಿಯಾಗಿ ಕೂರುವುದಿಲ್ಲ. ಉಂಗುರ ತುಕ್ಕು ಹಿಡಿಯುವವರೆಗೆ ಬಳಸಬಹುದು. 12ರಿಂದ 24 ಗಂಟೆ ಮುಟ್ಟದೆ ಬಿಟ್ಟು ಆಮೇಲೆ ಉಂಗುರ ತೆಗೆಯಿರಿ, ಬಿಲ್ಲೆಯ ಅಂಚು ಹಿಡಿದು ಮೆಲ್ಲಗೆ ಎತ್ತಿ ನೋಡಿ. ಕಚ್ಚಿದ್ದರೆ ಜಾಡಿಯೇ ಎದ್ದು ಬರುತ್ತದೆ. ಉಂಗುರ ಇಲ್ಲದೆಯೇ ಕಪಾಟಿಗೆ ಇಡಿ. ಮುಂದೆ ಎಂದಾದರೂ ಒಳಗೆ ಗ್ಯಾಸ್ ಬಂದರೆ ಬಿಲ್ಲೆ ಸಡಿಲವಾಗಿ ನಿಮಗೆ ಕಾಣುತ್ತದೆ. ಉಂಗುರ ಇದ್ದರೆ ಅದು ತಪ್ಪನ್ನು ಒತ್ತಿ ಹಿಡಿದು ಮುಚ್ಚಿಡುತ್ತದೆ.

ಗಾಜಿನದೇ ಮುಚ್ಚಳ, ರಬ್ಬರ್ ಉಂಗುರ, ಎರಡು ಉಕ್ಕಿನ ಕ್ಲಿಪ್ ಇರುವ ಜರ್ಮನ್ ವೆಕ್ ಮಾದರಿ ನನಗೆ ತುಂಬ ಇಷ್ಟ. ಲೋಹ ಆಹಾರಕ್ಕೆ ತಾಗುವುದೇ ಇಲ್ಲ. ತಣ್ಣಗಾದ ಮೇಲೆ ಕ್ಲಿಪ್ ತೆಗೆದರೂ ಮುಚ್ಚಳ ಹಿಡಿದಿರುತ್ತದೆ. ರಬ್ಬರಿನ ನಾಲಿಗೆ ಕೆಳಗೆ ಬಾಗಿದ್ದರೆ ಒಳಗೆ ನಿರ್ವಾತ ಇದೆ ಅಂತ ಅರ್ಥ. ತೂಕ ಜಾಸ್ತಿ, ಕೈ ಜಾರಿದರೆ ಮುಗಿಯಿತು.

ಅಂಗಡಿಯ ಸಾಸ್, ಜಾಮ್ ಬಂದ ಜಾಡಿ? ಫ್ರಿಜ್‌ಗೆ, ಒಣ ಪದಾರ್ಥಕ್ಕೆ ಸೈ. ನೀರಿನಲ್ಲಿ ಕುದಿಸಿ ಕಪಾಟಿನಲ್ಲಿಡುವ ಕೆಲಸಕ್ಕೆ ಬೇಡ. ಗಾಜು ತೆಳು, ಮುಚ್ಚಳ ಒಮ್ಮೆ ಕೆಲಸ ಮುಗಿಸಿ ಬಂದದ್ದು.

ಯಾವ ಜಾಡಿಯಾದರೂ ಬಾಯಿಯ ಅಂಚಿನ ಸುತ್ತ ಬೆರಳು ಮೆಲ್ಲಗೆ ಆಡಿಸಿ. ಚಿಕ್ಕ ಚೂರು ಹೋಗಿದ್ದರೂ ಅದು ಹೂವಿನ ಕುಂಡ.

ಹಳೆಪುಟ

ಮುಚ್ಚಳದ ಮಾತು ಬಂದದ್ದು ಚೆನ್ನಾಯಿತು, ಯಾಕೆಂದರೆ ಇಡೀ ಚರಿತ್ರೆಯೇ ಮುಚ್ಚಳದ್ದು. ಫ್ರಾನ್ಸಿನ ಮಿಠಾಯಿಗಾರ ನಿಕೊಲಾ ಅಪೆರ್ ಗಾಜಿನ ಬಾಟಲಿಗೆ ಆಹಾರ ತುಂಬಿಸಿ, ಬಿರಡೆ ಬಿಗಿದು, ಕುದಿಯುವ ನೀರಿನಲ್ಲಿಟ್ಟ. ಅದಕ್ಕೆ ಸರ್ಕಾರದಿಂದ 12,000 ಫ್ರಾಂಕ್ ಬಹುಮಾನ ಬಂತು, 1810ರಲ್ಲಿ ವಿಧಾನವನ್ನು ಅಚ್ಚು ಹಾಕಿಸಿದ. ಅದು ಯಾಕೆ ಕೆಲಸ ಮಾಡುತ್ತದೆ ಅಂತ ಅವನಿಗೇ ಗೊತ್ತಿರಲಿಲ್ಲ! ಸೂಕ್ಷ್ಮಜೀವಿಗಳ ಕಥೆಯನ್ನು ವಿಜ್ಞಾನಿ ಲೂಯಿ ಪಾಸ್ಚರ್ ಬಿಡಿಸಿ ಹೇಳಿದ್ದು ಅರ್ಧ ಶತಮಾನ ಕಳೆದ ಮೇಲೆ.

ನಂತರ ಜಾನ್ ಲ್ಯಾಂಡಿಸ್ ಮೇಸನ್. 1858ರ ನವೆಂಬರ್ 30ಕ್ಕೆ ಗಾಜಿನ ಕುತ್ತಿಗೆಗೆ ತಿರುಪು ಹಾಕುವ ಪೇಟೆಂಟ್ ಪಡೆದ. ಮುಚ್ಚಳ ಸತುವಿನದು. ಅದು ಆಹಾರಕ್ಕೆ ತಾಗಿ ಲೋಹದ ರುಚಿ ಬರುತ್ತಿತ್ತು. 1869ರಲ್ಲಿ ಲೂಯಿಸ್ ಬಾಯ್ಡ್ ಒಳಗೆ ಬಿಳಿ ಗಾಜಿನ ಬಿಲ್ಲೆ ಕೂರಿಸಿದ. 1882ರಲ್ಲಿ ಹೆನ್ರಿ ಪುಟ್ನಮ್ ತಂತಿಯ ಕ್ಲಿಪ್ ತಂದ. ಎರಡು ತುಂಡಿನ ಮುಚ್ಚಳ ಬಂದದ್ದು 20ನೇ ಶತಮಾನದಲ್ಲಿ. ಇಷ್ಟೆಲ್ಲ ಆದರೂ ಮೇಸನ್‌ನ ಜಾಡಿ ಮಾತ್ರ ಹೆಚ್ಚು ಕಡಿಮೆ ಹಾಗೇ ಇದೆ. ಅವನು 1902ರಲ್ಲಿ ಬಡತನದಲ್ಲೇ ಸತ್ತ. ಹೆಸರು ಗಾಜಿನ ಮೇಲೆ ಉಳಿಯಿತು, ಕಾಸು ಕೈಗೆ ಉಳಿಯಲಿಲ್ಲ.

ಹುಳಿನೀರು

ನಾನು ಉಪ್ಪುನೀರಿನಲ್ಲಿ ಹುದುಗಿಸುವವನು. ಇಲ್ಲಿ ಲೆಕ್ಕ ಪೂರ್ತಿ ಉಲ್ಟಾ. ನಿರ್ವಾತ ಬೇಡ, ಗ್ಯಾಸ್ ಹೊರಗೆ ಹೋಗಬೇಕು. ತಂತಿ ಕ್ಲಿಪ್ಪಿನ ಜಾಡಿ ಇದಕ್ಕೆ ಚೆನ್ನ, ಒತ್ತಡ ಜಾಸ್ತಿಯಾದರೆ ರಬ್ಬರ್ ತಾನೇ ಸ್ವಲ್ಪ ಬಿಟ್ಟುಕೊಡುತ್ತದೆ. ತಿರುಪು ಮುಚ್ಚಳವಾದರೆ ದಿನಾ ಒಮ್ಮೆ ಸಡಿಲಿಸಿ ಉಸಿರು ಬಿಡಿಸಿ. ಮರೆತು ಮೂರು ದಿನ ಊರಿಗೆ ಹೋಗಿದ್ದೆ. ಬಂದು ತೆರೆದಾಗ ಎಲೆಕೋಸು ಛಾವಣಿಗೆ ಅಂಟಿತು. ಕಲೆ ಇನ್ನೂ ಇದೆ.

ಎಲೆಕೋಸಿಗೆ ಅದರ ತೂಕದ ಶೇಕಡಾ 2ರಿಂದ 2.5 ಉಪ್ಪು, ತಕ್ಕಡಿಯಲ್ಲಿ ತೂಗಿ. ಎಲ್ಲವೂ ನೀರಿನ ಕೆಳಗೆ ಮುಳುಗಿರಲಿ, ಮೇಲೆ ಚಿಕ್ಕ ಗಾಜಿನ ಭಾರ ಇಟ್ಟರೆ ಸಾಕು.

ಸುಮ್ನೆಬಂದೆ

ಅಕ್ಕಿ, ಬೇಳೆ, ಹಿಟ್ಟು ತುಂಬಿಸುವವರ ಕಥೆ? ಅಲ್ಲೂ ಸಾವು ನೋವು ಇದೆಯಾ? 😄

ಒಣಕಾಳು

ಅಲ್ಲಿ ಹುಳುವಿನ ಸಾವು ಮಾತ್ರ. ಮೂರು ನಾಲ್ಕು ದಿನ ಫ್ರೀಜರ್‌ನಲ್ಲಿಟ್ಟು, ಪೂರ್ತಿ ಕೋಣೆಯ ಬಿಸಿಗೆ ಬಂದ ಮೇಲೆ ತುಂಬಿಸಿ. ತಣ್ಣಗಿದ್ದಾಗಲೇ ತುಂಬಿಸಿದರೆ ಒಳಗೆ ನೀರು ಬೆವರುತ್ತದೆ. ಬಿಸಿಲಿಗೆ ಇಡಬೇಡಿ. ಗಾಜಿನಲ್ಲಿ ಕಾಣುತ್ತದೆ ಅನ್ನುವುದು ಅದರ ಗುಣ, ಬೆಳಕೂ ಒಳಗೆ ಹೋಗುತ್ತದೆ ಅನ್ನುವುದು ದೋಷ.

ಬೀನ್ಸ್‌ಬಳ್ಳಿ

ನಾನು ಬೀನ್ಸನ್ನು ಗಾಜಿನ ಜಾಡಿಯಲ್ಲೇ ಫ್ರೀಜರ್‌ಗೆ ಇಡಬಹುದಾ ಹಾಗಾದರೆ?

ಗಾಜಿನಗೋಲಿ

ನೇರ ಗೋಡೆಯ ಜಾಡಿಯಾದರೆ ಇಡಿ, ಮೇಲೆ ಎರಡು ಬೆರಳು ಜಾಗ ಬಿಟ್ಟು. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇಕಡಾ 9 ಹಿಗ್ಗುತ್ತದೆ. ಭುಜ ಇರುವ ಜಾಡಿಯಲ್ಲಿ ಮಂಜುಗಡ್ಡೆ ಮೇಲೇರಲು ಹೋಗಿ ಭುಜಕ್ಕೆ ಸಿಕ್ಕಿ ಒಡೆಯುತ್ತದೆ. ಸೂಪು, ರಸ ಇದ್ದರೆ ಮೊದಲು ಫ್ರಿಜ್‌ನಲ್ಲಿ ತಣ್ಣಗಾಗಿಸಿ, ಆಮೇಲೆ ಫ್ರೀಜರ್. ಕರಗಿಸುವಾಗ ಬಿಸಿನೀರು ಸುರಿದರೆ ಮೊದಲಬ್ಯಾಚ್ ಅವರ ತಳವೇ ನಿಮಗೂ.

ಮೊದಲಬ್ಯಾಚ್

ನನ್ನ ತಳ ಗಾದೆಯಾಯಿತು ಅಂತಾಯಿತು 😅

ಇವತ್ತು ಎರಡನೆಯ ಸಲ ಮಾಡಿದೆ. ಜಾಡಿ ಬದಲಿಸಲಿಲ್ಲ, ಮನೆಯಲ್ಲಿ ಅದೇ ಥರದ್ದು ಇನ್ನೂ ಆರು ಇದ್ದವು. ಮುಚ್ಚಳ ಮಾತ್ರ ಹೊಸದು ತಂದೆ. ಒಂದರ ಬಾಯಿ ಸವರಿದಾಗ ಉಗುರಿಗೆ ತಡೆಯಿತು, ಅದು ಕುಂಡಕ್ಕೆ ಹೋಯಿತು. ನಿಂಬೆರಸ ಬಾಟಲಿಯದು. ನಮ್ಮದು 600 ಮೀಟರ್ ಎತ್ತರ, 40 ನಿಮಿಷ ಕುದಿಸಿದೆ. ಫೋನ್ ಬೇರೆ ಕೋಣೆಯಲ್ಲಿಟ್ಟಿದ್ದೆ.

ಐದೂ ಈಗ ಟವೆಲ್ ಮೇಲೆ ಕೂತಿವೆ. ಹೊರಗೆ ತೆಗೆದು ಹತ್ತು ನಿಮಿಷಕ್ಕೆ ಒಂದರ ಮುಚ್ಚಳ ‘ಟಿಂಕ್’ ಅಂತು, ಹೆದರಿ ಓಡಿ ಹೋಗಿ ನೋಡಿದೆ. ಆಮೇಲೆ ಗೊತ್ತಾಯಿತು, ಅದು ಒಳಗೆ ಎಳೆದುಕೊಂಡ ಸದ್ದು. ಗಾಜಿನ ಹೊರಗೆ ಬಿಳಿ ಪುಡಿಯ ಹಾಗೆ ಅಂಟಿದೆ, ಏನದು?

ಹಳೇಮುಚ್ಚಳ

ಗಡಸು ನೀರಿನ ಸುಣ್ಣ. ಒರೆಸಿದರೆ ಹೋಗುತ್ತದೆ. ಮುಂದಿನ ಸಲ ಪಾತ್ರೆಯ ನೀರಿಗೆ ಸ್ವಲ್ಪ ವಿನೆಗರ್ ಹಾಕಿ. ನಾಳೆವರೆಗೆ ಮುಚ್ಚಳ ಒತ್ತಬೇಡಿ, ಒತ್ತಿ ಕೂರಿಸಿದರೆ ಸುಳ್ಳು ಬಿಗಿ ಆಗುತ್ತದೆ. ಎಷ್ಟು ಟಿಂಕ್ ಅಂದವು?

ಮೊದಲಬ್ಯಾಚ್

ನಾಲ್ಕು. ಐದನೆಯದು ಇನ್ನೂ ಸುಮ್ಮನಿದೆ. ಅಡುಗೆಮನೆಯ ದೀಪ ಆರಿಸಿ ಬಾಗಿಲ ಹತ್ತಿರವೇ ಕೂತಿದ್ದೇನೆ.

ಹಳೇಮುಚ್ಚಳ

ಮಲಗಿ. ಬೆಳಿಗ್ಗೆಯೂ ಕಚ್ಚಿರದಿದ್ದರೆ ಅದನ್ನು ಫ್ರಿಜ್‌ಗೆ ಹಾಕಿ, ಈ ವಾರದ ಅಡುಗೆಗೆ ಬಳಸಿ.

ಮೊದಲಬ್ಯಾಚ್

ಬೆಳಿಗ್ಗೆ 6 ಗಂಟೆ. ನಾಲ್ಕು ಎದ್ದು ಬಂದವು. ಐದನೆಯದರ ಅಂಚಿನಲ್ಲಿ ಒಂದು ಟೊಮೆಟೊ ಬೀಜ.